ಇಳಿದುಕೊಂಡವರು ದೊಡ್ಡವರು, ಉಳಿಸಿದವರು ಮಾಣಿಗಳು!

ಗೇಟ್‌ವೇ ಪಕ್ಕದ ತಾಜ್ ಹೋಟೆಲಿಗೂ ಮಣಿಪಾಲಕ್ಕೂ ಒಂದು ನಂಟು

ಸಂಜೆ ಬಸ್ಸು ಹತ್ತಿ ಮುಂಬಯಿಗೆ ಹೋಗುವುದು ಉಡುಪಿ ಜಿಲ್ಲೆಯವರಿಗೆ ಹೊಸತಲ್ಲ. ಮನೆಗೊಬ್ಬರಾದರೂ ಅಲ್ಲಿ ಇದ್ದೇ ಇರುತ್ತಾರೆ. ಹೊಸದಾಗಿ ಹೋದವರನ್ನು ಮೊದಲ ಭಾನುವಾರವೇ ಅಣ್ಣನೋ ಭಾವನೋ ಗೇಟ್‌ವೇ ಆಫ್ ಇಂಡಿಯಾ ತೋರಿಸಲು ಕರೆದುಕೊಂಡು ಹೋಗುವುದೂ ಹಳೇ ಕಟ್ಟಳೆ. ಅಲ್ಲಿ ಪಾರಿವಾಳ, ಕಡಲೆಕಾಯಿ, ಎಲಿಫೆಂಟಾಕ್ಕೆ ಹೊರಟ ದೋಣಿ, ಕುತ್ತಿಗೆಗೆ ಕ್ಯಾಮೆರಾ ನೇತು ಹಾಕಿಕೊಂಡು ಬೆನ್ನು ಬಿಡದ ಫೋಟೋದವರು. ಫೋಟೋಕ್ಕೆ ನಿಂತರೆ ಹಿಂದೆ ಕೆಂಪು ಗುಮ್ಮಟದ ದೊಡ್ಡ ಕಟ್ಟಡ. ಅದೇ ತಾಜ್ ಮಹಲ್ ಹೋಟೆಲು.

“ಒಳಗೆ ಬಿಡ್ತಾರಾ?” ಹೊಸಬನ ಪ್ರಶ್ನೆ.

“ಬಿಡ್ತಾರೆ ಮಾರಾಯ. ಚಾ ಕುಡಿದು ಬಿಲ್ಲು ನೋಡಿದ್ರೆ ಮತ್ತೆ ಊರಿಗೆ ಹೋಗ್ಲಿಕ್ಕೆ ಬಸ್ಸಿಗೆ ದುಡ್ಡು ಇರೂದಿಲ್ಲ!” ಹಳಬನ ಉತ್ತರ.

ನಕ್ಕು ಇಬ್ಬರೂ ಕಲ್ಲಿನ ಕಟ್ಟೆ ಮೇಲೆ ಕೂರುತ್ತಾರೆ. ತಾಜ್‌ನ ಪರಿಚಯ ಹೆಚ್ಚಿನವರಿಗೆ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಆ ಗೋಡೆಯ ಒಳಗಿನ ಒಂದು ಸಂಗತಿ ಇಲ್ಲಿಯ ಹೋಟೆಲಿನವರೂ ಅಂಗಡಿಯವರೂ ತಿಳಿದಿರಬೇಕಾದದ್ದು.

ಗೇಟಿಗಿಂತ ಹೋಟೆಲೇ ಹಳೇದು

ಗೇಟ್‌ವೇ ನೋಡಲು ಜನ ಬರುತ್ತಾರೆಂದು ಪಕ್ಕದಲ್ಲಿ ಹೋಟೆಲು ಕಟ್ಟಿದರು ಎಂದೇ ಹಲವರ ಎಣಿಕೆ. ಅದು ತಪ್ಪು. ಜಮ್‌ಷೆಟ್‌ಜಿ ಟಾಟಾ ಕಟ್ಟಿಸಿದ ಈ ಹೋಟೆಲಿನ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಆಗ ಎದುರಿಗೆ ಇದ್ದದ್ದು ಅಪೋಲೋ ಬಂದರು ಮತ್ತು ಸಮುದ್ರ ಮಾತ್ರ.

1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೊರೆ ರಾಣಿಯೊಂದಿಗೆ ಬಂದಿಳಿದಾಗಲೂ ಗೇಟ್‌ವೇ ಇರಲಿಲ್ಲ. ದೊರೆ ನೋಡಿದ್ದು ರಟ್ಟಿನ ಮಾದರಿ! ಜಾರ್ಜ್ ವಿಟೆಟ್ ಮಾಡಿದ ನಕ್ಷೆಗೆ 1914ರಲ್ಲಿ ಒಪ್ಪಿಗೆ ಸಿಕ್ಕಿತು. 85 ಅಡಿ ಎತ್ತರದ ಕಮಾನು ಎದ್ದು ಉದ್ಘಾಟನೆ ಆಗುವಾಗ 1924ರ ಡಿಸೆಂಬರ್ 4. ಅಷ್ಟರಲ್ಲಿ ತಾಜ್‌ಗೆ ಇಪ್ಪತ್ತೊಂದು ವರ್ಷ ತುಂಬುತ್ತಾ ಬಂದಿತ್ತು. ದೊರೆಯ ನೆನಪಿಗೆ ಕಟ್ಟಿದ ಅದೇ ಕಮಾನಿನ ಕೆಳಗಿಂದ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಹಡಗು ಹತ್ತಿ ಹೋಯಿತು. ಅದಕ್ಕೂ ತಾಜ್‌ನ ಕಿಟಕಿಗಳೇ ಸಾಕ್ಷಿ.

ಟಾಟಾ ಈ ಹೋಟೆಲು ಕಟ್ಟಿಸಿದ್ದು ಯಾಕೆ? ಕಾಲಾ ಘೋಡಾದಲ್ಲಿದ್ದ ವಾಟ್ಸನ್ ಹೋಟೆಲಿನಲ್ಲಿ ‘ಬಿಳಿಯರಿಗೆ ಮಾತ್ರ’ ಎಂದು ಅವರನ್ನು ಹೊರಗೆ ನಿಲ್ಲಿಸಿದರು, ಆ ಸಿಟ್ಟಿಗೆ ಕಟ್ಟಿಸಿದರು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಕಥೆ ರುಚಿಯಾಗಿದೆ, ಆದರೆ ಚರಿತ್ರೆ ಬರೆದವರೆಲ್ಲ ಅದನ್ನು ಒಪ್ಪುವುದಿಲ್ಲ. 1896ರಲ್ಲಿ ಶುರುವಾದ ಪ್ಲೇಗಿನಿಂದ ಊರು ಸೊರಗಿತ್ತು, ಅದಕ್ಕೆ ಮತ್ತೆ ಕಳೆ ತರಬೇಕೆಂಬುದೇ ಅವರ ಇರಾದೆ ಎನ್ನುವವರೂ ಇದ್ದಾರೆ. ಏನೇ ಇರಲಿ, ಇಂದು ವಾಟ್ಸನ್ ಕಟ್ಟಡ ಹೋಟೆಲಾಗಿ ಉಳಿದಿಲ್ಲ. ತಾಜ್ ಉಳಿದಿದೆ. ಟಾಟಾ ಮಾತ್ರ ಹೋಟೆಲು ತೆರೆದ ಮರುವರ್ಷವೇ, 1904ರಲ್ಲಿ, ತೀರಿಕೊಂಡರು.

ಹಿಂದು ಮುಂದಾದ ಕಟ್ಟಡ

ಇನ್ನೊಂದು ಕಥೆ. ಮೇಸ್ತ್ರಿ ನಕ್ಷೆಯನ್ನು ತಿರುಗಾಮುರುಗಾ ಹಿಡಿದು ಹಿಂಬದಿಯನ್ನು ಸಮುದ್ರಕ್ಕೆ ಮಾಡಿದ, ಅದನ್ನು ಕಂಡ ಎಂಜಿನಿಯರ್ ಜೀವ ಕಳಕೊಂಡ ಅಂತ! ಗೇಟ್‌ವೇ ಫೋಟೋದವರಿಗೂ ಈ ಕಥೆ ಬಾಯಿಪಾಠ.

ಇದು ಶುದ್ಧ ಬೊಗಳೆ. ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಶುರು ಮಾಡಿದ ಕೆಲಸವನ್ನು ಮುಗಿಸಿದವರು ಡಬ್ಲ್ಯು. ಎ. ಚೇಂಬರ್ಸ್. ಬೇಕೆಂದೇ ಮುಂಬಾಗಿಲನ್ನು ಊರಿನ ಕಡೆಗೆ ಇಟ್ಟಿದ್ದರು. ಕುದುರೆಗಾಡಿಗಳು ಬರುತ್ತಿದ್ದದ್ದು ಆ ಕಡೆಯಿಂದಲೇ. ಮುಂದೆ ಆ ಬಾಗಿಲು ಮುಚ್ಚಿತು, ಸಮುದ್ರದ ಬದಿಯೇ ಮುಂಬದಿ ಆಯಿತು.

ಮೊದಲ ದಿನಗಳಲ್ಲಿ ಕೋಣೆಗೆ 10ರಿಂದ 13 ರೂಪಾಯಿ ಬಾಡಿಗೆ ಇತ್ತು ಎನ್ನುತ್ತಾರೆ. ಅಮೆರಿಕದ ಫ್ಯಾನು, ಜರ್ಮನಿಯ ಲಿಫ್ಟು, ಮನೆಗಳಲ್ಲಿ ಚಿಮಣಿ ದೀಪ ಉರಿಯುತ್ತಿದ್ದ ಕಾಲದಲ್ಲಿ ಕರೆಂಟಿನ ಬೆಳಕು! ಮೊದಲ ಮಹಾಯುದ್ಧದಲ್ಲಿ ಇದೇ ಹೋಟೆಲು 600 ಹಾಸಿಗೆಯ ಆಸ್ಪತ್ರೆಯೂ ಆಯಿತು. 1973ರಲ್ಲಿ ಪಕ್ಕದಲ್ಲಿ ಎತ್ತರದ ಟವರ್ ಎದ್ದಿತು. ಈಗ ಎರಡೂ ಸೇರಿ ಐನೂರಕ್ಕೂ ಹೆಚ್ಚು ಕೋಣೆ.

ಕೋಣೆಯ ರೇಟಿನಲ್ಲೂ ಒಂದು ಮರ್ಮ ಇದೆ. ಊರಿನ ಕಡೆ ನೋಡುವ ಕೋಣೆಗಿಂತ ಸಮುದ್ರದ ಕಡೆಯ ಕೋಣೆಗೆ ಹೆಚ್ಚು ಬಾಡಿಗೆ. ಮಂಚ ಅದೇ, ದಿಂಬು ಅದೇ. ಹೆಚ್ಚಿನ ದುಡ್ಡು ಕಿಟಕಿಗೆ! ಕಿಟಕಿಯಲ್ಲಿ ಏನು ಕಾಣುತ್ತದೆ? ಗೇಟ್‌ವೇ, ದೋಣಿ, ಪಾರಿವಾಳ, ಫೋಟೋಕ್ಕೆ ನಿಂತ ಜನ. ಅಂದರೆ ಕೆಳಗೆ ಪುಕ್ಕಟೆ ಕುಳಿತ ಭಾವ ಮೈದುನರನ್ನು ಮೇಲಿನವರು ದುಡ್ಡು ಕೊಟ್ಟು ನೋಡುತ್ತಾರೆ. ಗಾಜಿನ ಆಚೆ ಈಚೆ ಎರಡು ಲೋಕ.

ಆ ಮೂರು ರಾತ್ರಿ

ನವೆಂಬರ್ ತಿಂಗಳು ಬಂತೆಂದರೆ ಮುಂಬಯಿಯಲ್ಲಿ ಮಕ್ಕಳಿದ್ದ ಮನೆಗಳಲ್ಲಿ ಇವತ್ತಿಗೂ ಆ ಮಾತು ಬರುತ್ತದೆ. 2008ರ ನವೆಂಬರ್ 26ರ ರಾತ್ರಿ ಸಮುದ್ರದಿಂದ ಬಂದಿಳಿದ ಹತ್ತು ಮಂದಿ ಉಗ್ರರು ಊರಿನ ಹಲವು ಕಡೆ ಗುಂಡು ಹಾರಿಸಿದರು. ನಾಲ್ವರು ನುಗ್ಗಿದ್ದು ತಾಜ್‌ಗೆ. 29ರ ಬೆಳಿಗ್ಗೆವರೆಗೆ ಗುಂಡು, ಬಾಂಬು, ಬೆಂಕಿ. ಟಿವಿಯಲ್ಲಿ ಗುಮ್ಮಟದ ಸುತ್ತ ಹೊಗೆ ನೋಡುತ್ತಾ ಇಲ್ಲಿಯ ತಾಯಂದಿರು ಕೋಟೆಯ ಕಡೆ, ಕೊಲಾಬದ ಕಡೆ ದುಡಿಯುತ್ತಿದ್ದ ಮಕ್ಕಳಿಗೆ ಫೋನು ತಿರುಗಿಸಿದ್ದೇ ತಿರುಗಿಸಿದ್ದು.

ತಾಜ್‌ನಲ್ಲಿ ಸತ್ತವರು 31 ಮಂದಿ. ಅವರಲ್ಲಿ ಹನ್ನೊಂದು ಜನ ಹೋಟೆಲಿನ ಕೆಲಸದವರು. ಮೂರರಲ್ಲಿ ಒಂದು ಪಾಲು!

ಇಲ್ಲೇ ಸ್ವಲ್ಪ ನಿಂತು ಯೋಚನೆ ಮಾಡಬೇಕು. ಅತಿಥಿಗೆ ತನ್ನ ಕೋಣೆಯ ದಾರಿ ಬಿಟ್ಟರೆ ಬೇರೆ ದಾರಿ ಗೊತ್ತಿರುವುದಿಲ್ಲ. ಅಡುಗೆಯವನಿಗೆ, ಪ್ಲೇಟು ಎತ್ತುವವನಿಗೆ ಎಲ್ಲ ಹಿಂಬಾಗಿಲೂ ಗೊತ್ತು. ಗುಂಡಿನ ಸದ್ದು ಕೇಳಿದ ಕ್ಷಣದಲ್ಲೇ ಅವರು ಓಡಬಹುದಿತ್ತು. ಓಡಲಿಲ್ಲ. ಅತಿಥಿಗಳನ್ನು ಅಡುಗೆಮನೆ ದಾರಿಯಿಂದ ಸಾಗಿಸಿದರು, ನಡುವೆ ತಾವೇ ಅಡ್ಡ ನಿಂತರು. ಟೆಲಿಫೋನ್ ಆಪರೇಟರುಗಳು ಮತ್ತೆ ಬೋರ್ಡಿನ ಮುಂದೆ ಕೂತು ಕೋಣೆ ಕೋಣೆಗೆ ಫೋನು ಮಾಡಿ, ದೀಪ ಆರಿಸಿ, ಬಾಗಿಲು ತೆರೆಯಬೇಡಿ ಎಂದು ತಿಳಿಸಿದರು. ಆಗಿನ ಜನರಲ್ ಮ್ಯಾನೇಜರ್ ಕರಮ್‌ಬೀರ್ ಕಾಂಗ್ ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು ಆರನೇ ಮಹಡಿಯ ಬೆಂಕಿಯಲ್ಲಿ ಹೋದರು. ಅವರು ಜಾಗ ಬಿಟ್ಟು ಕದಲಲಿಲ್ಲ. ಪಾರಾದ ಅತಿಥಿಗಳು ಸಾವಿರದ ಇನ್ನೂರಕ್ಕೂ ಹೆಚ್ಚು.

ಬೆಂಗಳೂರಿನಲ್ಲಿ ಬೆಳೆದ ಎನ್‌ಎಸ್‌ಜಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಜೀವ ಕೊಟ್ಟದ್ದೂ ಇದೇ ಹೋಟೆಲಿನೊಳಗೆ, 28ರಂದು. ಸರಕಾರ ಮರಣೋತ್ತರ ಅಶೋಕ ಚಕ್ರ ಕೊಟ್ಟಿತು. ಸೈನಿಕನಿಗೆ ಕೋವಿ ಇತ್ತು, ತರಬೇತಿ ಇತ್ತು. ತಟ್ಟೆ ಹಿಡಿದವನಿಗೆ ಏನಿತ್ತು?

ಮಣಿಪಾಲದ ಹೆಸರು ಬಂದದ್ದು ಹೇಗೆ?

ಇದೇ ಪ್ರಶ್ನೆಯನ್ನು ಅಮೆರಿಕದ ಹಾರ್ವರ್ಡ್‌ನವರೂ ಕೇಳಿದರು. ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಎಂಬಿಬ್ಬರು ಈ ನೌಕರರ ಬಗ್ಗೆ ಅಧ್ಯಯನ ಮಾಡಿ 2011ರ ಡಿಸೆಂಬರಿನಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ಬರೆದರು. ಹೋಟೆಲಿನ ನಿಯಮದ ಪುಸ್ತಕದಲ್ಲಿ ‘ಗುಂಡಿಗೆ ಎದೆ ಕೊಡಬೇಕು’ ಎಂದು ಎಲ್ಲೂ ಬರೆದಿರಲಿಲ್ಲ. ಹಾಗಾದರೆ ಈ ಬುದ್ಧಿ ಬಂದದ್ದೆಲ್ಲಿಂದ?

ಅವರಿಗೆ ಸಿಕ್ಕಿದ ಉತ್ತರಗಳಲ್ಲಿ ಒಂದು ಇದು. ತಾಜ್‌ನವರು ದೊಡ್ಡ ಪಟ್ಟಣಕ್ಕಿಂತ ಸಣ್ಣ ಊರಿನ ಹುಡುಗ ಹುಡುಗಿಯರನ್ನೇ ಹುಡುಕುತ್ತಿದ್ದರು. ಮುಂಬಯಿ ಬಿಟ್ಟು ಪುಣೆ, ಚೆನ್ನೈ ಬಿಟ್ಟು ಕೊಯಮತ್ತೂರು. ಬೆಂಗಳೂರು ಬಿಟ್ಟು ಮೈಸೂರು ಮತ್ತು ಮಣಿಪಾಲ! ಹಿರಿಯರಿಗೆ ಮರ್ಯಾದೆ ಕೊಡುವ, ಇನ್ನೊಬ್ಬರ ಕಷ್ಟಕ್ಕೆ ಮನ ಕರಗುವ ಗುಣ ಮೊದಲು ನೋಡುತ್ತಿದ್ದರು. ಕೆಲಸ ಆಮೇಲೆ ಕಲಿಸಬಹುದು, ಗುಣ ಕಲಿಸುವುದು ಕಷ್ಟ ಎಂಬ ಲೆಕ್ಕ. ಬೇರೆ ಹೋಟೆಲುಗಳಲ್ಲಿ ಒಂದು ವರ್ಷ ತರಬೇತಿಯಾದರೆ ಇಲ್ಲಿ ಒಂದೂವರೆ ವರ್ಷ. ಒಳ್ಳೆಯ ಕೆಲಸ ಕಂಡರೆ ಮೇಲಿನವರು ತಡಮಾಡದೆ ಬಾಯಿಬಿಟ್ಟು ಹೊಗಳಬೇಕು ಎಂಬ ಪದ್ಧತಿ.

ದಾಳಿ ಮುಗಿದ ಮೇಲೆಯೂ ಕೆಲಸದವರ ಕೈ ಬಿಡಲಿಲ್ಲ. 2008ರ ಡಿಸೆಂಬರಿನಲ್ಲೇ ಒಂದು ಟ್ರಸ್ಟ್ ಕಟ್ಟಿ ನೌಕರರ ಮನೆಯವರಿಗೆ ನೆರವಾದರು. ಹೋಟೆಲಿಗೆ ಸಂಬಂಧವೇ ಇಲ್ಲದ, ಬೀದಿಯಲ್ಲಿ ಪೆಟ್ಟು ತಿಂದವರಿಗೂ ಸಹಾಯ ಮುಟ್ಟಿತು. ಟವರ್ ಡಿಸೆಂಬರ್ 21ಕ್ಕೇ ತೆರೆಯಿತು. ಸುಟ್ಟು ಹೋದ ಹಳೇ ಭಾಗ ದುರಸ್ತಿಯಾಗಿ ಬಾಗಿಲು ತೆರೆದದ್ದು 2010ರ ಆಗಸ್ಟ್ 15ರಂದು.

‘ಜನ ಬೇಕಾಗಿದ್ದಾರೆ’

ಈಗ ಊರಿನ ಮಾತಿಗೆ ಬರೋಣ. ಒಂದು ಕಾಲದಲ್ಲಿ ಇಲ್ಲಿಯ ಹುಡುಗರು ಮುಂಬಯಿ ಬಸ್ಸು ಹತ್ತಿ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ಗ್ಲಾಸು ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಧಣಿಗಳಾದರು. ಇವತ್ತು ಜಿಲ್ಲೆಯಲ್ಲಿ ಯಾವ ಪೇಟೆಗೆ ಹೋದರೂ ಹೋಟೆಲಿನ, ಬಟ್ಟೆ ಅಂಗಡಿಯ ಬಾಗಿಲಲ್ಲಿ ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಎಂಬ ಬೋರ್ಡು. “ಜನ ಸಿಗೂದಿಲ್ಲ ಮಾರಾಯ್ರೇ, ಸಿಕ್ಕಿದ್ರೂ ನಿಲ್ಲೂದಿಲ್ಲ” ಎಂಬುದು ಗಲ್ಲಾದ ಮೇಲೆ ಕೂತವರ ಗೋಳು.

ಗೋಳು ಸುಳ್ಳಲ್ಲ. ಆದರೆ ತಾಜ್‌ನಂಥ ಹೋಟೆಲಿನವರು ಮಣಿಪಾಲದ ತನಕ ಬಂದು ಹುಡುಕಿದ ಗುಣದ ಹುಡುಗರು ಇಲ್ಲಿಯವರ ಕಣ್ಣೆದುರಿಗೇ ಇದ್ದಾರಲ್ಲ? ಊಟ ಎಲ್ಲರದ್ದೂ ಮುಗಿದ ಮೇಲೆ, ಮಲಗುವುದು ಅಕ್ಕಿ ಮೂಟೆಯ ಪಕ್ಕ, ರಜೆ ಕೇಳಿದರೆ ಮುಖ ಗಂಟು. ಹೀಗಾದರೆ ಯಾರು ನಿಲ್ಲುತ್ತಾರೆ? ಟಾಟಾನಷ್ಟು ದುಡ್ಡು ಎಲ್ಲರಲ್ಲೂ ಇಲ್ಲ, ಖರೆ. ಮಾಣಿಯ ಹೆಸರು ಹಿಡಿದು ಕರೆಯಲು, ಹೊತ್ತಿಗೆ ಊಟ ಹಾಕಲು, ಅವನ ತಾಯಿಗೆ ಹುಷಾರಿಲ್ಲದಾಗ ಎರಡು ದಿನ ಕಳಿಸಲು ಟಾಟಾನಷ್ಟು ದುಡ್ಡು ಬೇಕಾಗಿಲ್ಲ.

ಈಗ ಗೇಟ್‌ವೇ ಹತ್ತಿರ ಹೋಗಲು ಚೀಲ ತಪಾಸಣೆ, ಸುತ್ತ ಬೇಲಿ, ಪೊಲೀಸು. ಕುದುರೆಗಾಡಿಯ ಟಕ್ಕುಟಕ್ಕು 2015ರ ಹೈಕೋರ್ಟು ತೀರ್ಪಿನ ಮೇಲೆ ನಿಂತಿತು. ಆದರೂ ಭಾನುವಾರ ಜನ ತುಂಬುತ್ತಾರೆ, ಫೋಟೋ ತೆಗೆಸುತ್ತಾರೆ. ಹೋಟೆಲಿನ ಒಳಗೆ ಆ 31 ಮಂದಿಯ ನೆನಪಿಗೆ ಒಂದು ಫಲಕ ಇದೆ. ಬಾಡಿಗೆ ಕೊಟ್ಟು ಇಳಿದುಕೊಂಡವರ ಹೆಸರೂ, ಅವರಿಗೆ ಬಡಿಸಲು ನಿಂತವರ ಹೆಸರೂ ಅದರಲ್ಲಿ ಒಟ್ಟಿಗೇ ಇವೆ. ಮುಂದಿನ ಸಲ ಬಸ್ಸು ಹತ್ತಿ ಹೋದವರು ಆ ಕಲ್ಲುಕಟ್ಟೆಯ ಮೇಲೆ ಕೂತು ಹೊಸಬನಿಗೆ ಗುಮ್ಮಟ ತೋರಿಸುವಾಗ, ಈ ಮಾತನ್ನೂ ಹೇಳಿಬಿಡಲಿ.