ಕೆಂಪು ಬಣ್ಣದ ಅಳತೆಯಲ್ಲಿ ನುಸುಳುವ ದೋಷ

ಫೆರಿಕ್ ಅಯಾನು ಥಯೋಸಯನೇಟ್ ಜೊತೆ ಸೇರಿದರೆ ರಕ್ತಗೆಂಪು ಸಂಕೀರ್ಣ ಹುಟ್ಟುತ್ತದೆ. ಕ್ರಿಯೆ ಪೂರ್ತಿಯಾಗದೆ ಸಮತೋಲನದಲ್ಲಿ ನಿಲ್ಲುತ್ತದೆ. ಕೆಂಪು ಎಷ್ಟು ಗಾಢವೆಂದು ಕಲರಿಮೀಟರಿನಲ್ಲಿ ಅಳೆದು, ಅದರಿಂದ ಸಂಕೀರ್ಣದ ಸಾರತೆಯನ್ನೂ ಸಮತೋಲನ ಸ್ಥಿರಾಂಕವನ್ನೂ ಕಂಡುಹಿಡಿಯುವುದು ಕಾಲೇಜು ಪ್ರಯೋಗಾಲಯಗಳ ಹಳೆಯ ಪಾಠ.

ಸ್ಥಿರಾಂಕಕ್ಕೆ ಸಿಕ್ಕ ಬೆಲೆ 150, ಅದೇ ಪರಿಸ್ಥಿತಿಗೆ ಒಪ್ಪಿತ ಬೆಲೆ 140 ಎಂದಿಟ್ಟುಕೊಳ್ಳೋಣ. ವ್ಯತ್ಯಾಸವಾದ 10ನ್ನು 140ರಿಂದ ಭಾಗಿಸಿ 100ರಿಂದ ಗುಣಿಸಿದರೆ ದೋಷ ಶೇ 7.1. ಲೆಕ್ಕವೇನೋ ಸುಲಭ, ದೋಷದ ಮೂಲ ಹುಡುಕುವುದೇ ನಿಜವಾದ ಕೆಲಸ.

ಲೀಟರಿಗೆ 1 ಮಿಲಿಮೋಲ್ ಫೆರಿಕ್, 0.4 ಮಿಲಿಮೋಲ್ ಥಯೋಸಯನೇಟ್ ಇರುವಂತೆ ಬೆರೆಸಿ, 0.050 ಮಿಲಿಮೋಲ್ ಸಂಕೀರ್ಣ ಕಂಡರೆ ಸ್ಥಿರಾಂಕ ಸುಮಾರು 150. ಅದನ್ನೇ 0.052 ಎಂದು ಓದಿದರೆ ಸುಮಾರು 158. ಅಳತೆಯ ಶೇ 4ರ ತಪ್ಪು ಉತ್ತರದಲ್ಲಿ ಶೇ 5ರ ಹತ್ತಿರಕ್ಕೆ ಬೆಳೆಯಿತು. ಸಂಕೀರ್ಣವನ್ನು ಹೆಚ್ಚೆಂದು ಎಣಿಸಿದಾಗ ಉಳಿದ ಎರಡು ಅಯಾನುಗಳು ಕಡಿಮೆಯೆಂದಾಗುತ್ತವೆ. ಸ್ಥಿರಾಂಕದ ಸೂತ್ರದಲ್ಲಿ ಅವೆರಡೂ ಇರುವುದು ಛೇದದಲ್ಲಿ.

ಅಳತೆ ಮರುಕಳಿಸಿದಾಗ ಅತ್ತಿತ್ತ ತುಯ್ಯುವ ಯಾದೃಚ್ಛಿಕ ದೋಷವನ್ನು ಸರಾಸರಿ ತಗ್ಗಿಸುತ್ತದೆ. ಪ್ರತಿಸಲವೂ ಕಡಿಮೆ ಸುರಿಸುವ ಪಿಪೆಟ್ಟಿಗೆ ಆ ಮದ್ದು ನಾಟದು. ದ್ರಾವಣ ಬಿಸಿಯಾದರೆ ಕೆಂಪು ಮಾಸಿ ಸ್ಥಿರಾಂಕವೇ ಬದಲಾಗುವುದರಿಂದ, ಉಷ್ಣತೆಯನ್ನು ಬರೆದಿಡದ ಉತ್ತರವನ್ನು ಒಪ್ಪಿತ ಬೆಲೆಗೆ ಹೋಲಿಸಲು ಬರುವುದಿಲ್ಲ.