ಮೊದಲ ಏಟು ಯಾರದು? ವೀರಗಲ್ಲಿನ ಕಾಳಗ ಮತ್ತು ದಾಳದ ನಿಯಮಗಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಸಂಚರಿಸಿದವರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ದೇಗುಲದ ಅಂಗಳ, ಕೆರೆಯ ಏರಿ, ಹೊಲದ ಬದು, ಎಲ್ಲೆಂದರಲ್ಲಿ ಅವು ನಿಂತಿವೆ. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಇಂತಹ ಕಲ್ಲುಗಳ ಶಾಸನಗಳು ಹೇರಳವಾಗಿ ದಾಖಲಾಗಿವೆ. ಸಾಮಾನ್ಯವಾಗಿ ಕಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕಾಳಗದ ಕಾರಣವೂ ಬಹಳಷ್ಟು ಸಲ ಒಂದೇ: ತುರುಗೊಳ್, ಅಂದರೆ ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವುದು.

ಆದರೆ ಕಲ್ಲು ಒಂದು ಸಂಗತಿಯನ್ನು ಹೇಳುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಬಾಣ, ಕತ್ತಿ, ಕುದುರೆ, ಓಡುವ ಹಸು ಎಲ್ಲವೂ ಏಕಕಾಲದಲ್ಲಿ ಕಾಣುತ್ತವೆ. ಮೊದಲು ಯಾರು ಹೊಡೆದರು, ಆಮೇಲೆ ಯಾರು ಬಿದ್ದರು ಎಂಬ ಅನುಕ್ರಮ ಅಲ್ಲಿಲ್ಲ. ಇದೇ ಕಾಳಗವನ್ನು ಮೇಜಿನ ಸುತ್ತ ಕುಳಿತು ಆಡಬೇಕಾದರೆ ಆ ಅನುಕ್ರಮವನ್ನು ಯಾರಾದರೂ ನಿರ್ಧರಿಸಲೇಬೇಕು. ಇಂಗ್ಲಿಷಿನಲ್ಲಿ 'ಇನಿಷಿಯೇಟಿವ್' ಎಂದು ಕರೆಯಲಾಗುವ ನಿಯಮ ಹುಟ್ಟಿರುವುದು ಇದಕ್ಕಾಗಿ.

ಏನಿದು ಆಟ?

ಪಾತ್ರಾಭಿನಯದ ಮೇಜಿನಾಟದಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ನಡೆಸುತ್ತಾನೆ; ಒಬ್ಬ ನಿರೂಪಕ ಉಳಿದ ಲೋಕವನ್ನು ನಡೆಸುತ್ತಾನೆ. ಫಲಿತಾಂಶ ಅನಿಶ್ಚಿತವಾದಾಗ ದಾಳ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಪ್ರಕಾರದ ಮೂಲಪುರುಷ. ಪಗಡೆ, ಚೌಕಾಬಾರ ಆಡಿದ ನಮಗೆ ದಾಳವೂ ಸರದಿಯೂ ಹೊಸದಲ್ಲ. ಆದರೆ ಚೌಕಾಬಾರದಲ್ಲಿ ಸರದಿ ಕುಳಿತ ಸಾಲಿನಂತೆ ಸುತ್ತುತ್ತದೆ. ಇಲ್ಲಿ ಸರದಿಯೇ ಒಂದು ಪೈಪೋಟಿ. ಮೊದಲು ಹೊಡೆದವನು ಎದುರಾಳಿಯನ್ನು ಕೆಡವಿದರೆ, ಬಿದ್ದವನಿಗೆ ಸರದಿಯೇ ಬರುವುದಿಲ್ಲ.

ಒಂದು ಕಾಲ್ಪನಿಕ ತುರುಗೊಳ್ಳನ್ನು ಎದುರಿಗಿಟ್ಟುಕೊಳ್ಳೋಣ. ಊರಿನ ಪರವಾಗಿ ನಾಲ್ವರು: ಖಡ್ಗ ಹಿಡಿದ ಗೌಡ, ಒಬ್ಬ ಬಿಲ್ಲುಗಾರ, ಒಬ್ಬ ಈಟಿಗಾರ, ಒಬ್ಬ ಮಂತ್ರವಾದಿ. ಎದುರಿಗೆ ಆರು ಮಂದಿ ದಾಳಿಕೋರರು.

ರೂಢಿಯ ನಿಯಮ

2000ನೇ ಇಸವಿಯ ಮೂರನೆಯ ಆವೃತ್ತಿಯಿಂದ ಈಚೆಗೆ ಹೆಚ್ಚು ಪ್ರಚಲಿತವಾಗಿರುವ ಪದ್ಧತಿ ಹೀಗಿದೆ. ಕಾಳಗದ ಆರಂಭದಲ್ಲಿ ಪ್ರತಿಯೊಬ್ಬರೂ ಇಪ್ಪತ್ತು ಮುಖದ ದಾಳ ಎಸೆದು, ತಮ್ಮ ಚುರುಕುತನದ ಅಂಕವನ್ನು ಸೇರಿಸುತ್ತಾರೆ. ದೊಡ್ಡ ಸಂಖ್ಯೆಯಿಂದ ಸಣ್ಣದಕ್ಕೆ ಸರದಿ ನಿಗದಿಯಾಗಿ, ಕಾಳಗ ಮುಗಿಯುವವರೆಗೂ ಅದೇ ಕ್ರಮ ಸುತ್ತುತ್ತದೆ.

ಚುರುಕುತನಕ್ಕೆ ಎಷ್ಟು ಬೆಲೆ? ಬಿಲ್ಲುಗಾರನಿಗೆ 5 ಅಂಕ ಹೆಚ್ಚು, ಎದುರಾಳಿಗೆ ಏನೂ ಇಲ್ಲ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಬಿಲ್ಲುಗಾರ ಮುಂದಾಗುವ ಸಂಭವ ಶೇ. 70, ಸಮನಾಗುವ ಸಂಭವ ಶೇ. 3.75, ಹಿಂದುಳಿಯುವ ಸಂಭವ ಶೇ. 26.25. ಚುರುಕಾದವನೂ ಸುಮಾರು ನಾಲ್ಕರಲ್ಲಿ ಒಂದು ಸಲ ಸೋಲುತ್ತಾನೆ.

ಈ ಪದ್ಧತಿಯ ಗುಣ ಸ್ಪಷ್ಟತೆ, ದೋಷ ಕಾಯುವಿಕೆ. ಐವರು ಆಟಗಾರರು ತಲಾ 3 ನಿಮಿಷ ತೆಗೆದುಕೊಂಡರೂ, ತನ್ನ ಸರದಿ ಮುಗಿಸಿದವನು ನಿರೂಪಕನ ಸಮಯವನ್ನು ಬಿಟ್ಟು 12 ನಿಮಿಷ ಕೈಕಟ್ಟಿ ಕೂರಬೇಕು. ಪರ್ಯಾಯ ನಿಯಮಗಳ ಹುಡುಕಾಟಕ್ಕೆ ಮುಖ್ಯ ಪ್ರೇರಣೆ ಇದೇ.

ಪಕ್ಷಕ್ಕೊಂದು ದಾಳ

1981ರ 'ಬೇಸಿಕ್' ಆವೃತ್ತಿಯಲ್ಲಿ ಪ್ರತಿ ಸುತ್ತಿಗೂ ಪಕ್ಷಕ್ಕೊಂದರಂತೆ ಆರು ಮುಖದ ದಾಳ ಎಸೆಯುತ್ತಿದ್ದರು. ಗೆದ್ದ ಪಕ್ಷದವರೆಲ್ಲ ಮೊದಲು, ಸೋತವರೆಲ್ಲ ನಂತರ. ಆಟ ವೇಗವಾಗಿ ಸಾಗುತ್ತದೆ. ನಾಲ್ವರೂ ಕೂಡಿ ಉಪಾಯ ಹೂಡಬಹುದು. ಅಪಾಯವೂ ಇಲ್ಲಿದೆ. ಒಂದು ಸುತ್ತಿನಲ್ಲಿ ಸೋತ ಪಕ್ಷ ಮುಂದಿನ ಸುತ್ತಿನಲ್ಲಿ ಗೆದ್ದರೆ, ಅದಕ್ಕೆ ಒಂದರ ಹಿಂದೊಂದು ಎರಡು ಸರದಿ ದೊರೆಯುತ್ತವೆ. ಆರು ದಾಳಿಕೋರರು ಎರಡು ಸಲ ಹೊಡೆಯುವುದೆಂದರೆ ತಡೆಯಿಲ್ಲದ ಹನ್ನೆರಡು ಏಟುಗಳು!

ಮೊದಲು ಸಂಕಲ್ಪ, ನಂತರ ದಾಳ

1989ರ ಎರಡನೆಯ ಆವೃತ್ತಿಯಲ್ಲಿ ಆಟಗಾರರು ತಾವೇನು ಮಾಡುತ್ತೇವೆಂದು ಮೊದಲೇ ಸಾರಬೇಕಿತ್ತು. ಆಮೇಲೆ ಹತ್ತು ಮುಖದ ದಾಳ. ಅಲ್ಲಿ ಕಡಿಮೆ ಸಂಖ್ಯೆಗೆ ಮೊದಲ ಸರದಿ. ಬೇಕೆಂದವರು ಆಯುಧದ ವೇಗವನ್ನೂ ಕೂಡಿಸಬಹುದಿತ್ತು: ಕಿರುಗತ್ತಿ ಬೇಗ, ಭಾರಿ ಆಯುಧ ನಿಧಾನ. ಮೈಕ್ ಮಿಯರ್ಲ್ಸ್ 2017ರಲ್ಲಿ ಪ್ರಾಯೋಗಿಕವಾಗಿ ಮಂಡಿಸಿದ 'ಗ್ರೇಹಾಕ್' ನಿಯಮ ಇದನ್ನು ಇನ್ನಷ್ಟು ಸರಳಗೊಳಿಸಿತು. ಬಾಣ ಬಿಡುವವನಿಗೆ 4 ಮುಖದ ದಾಳ, ಹತ್ತಿರದಿಂದ ಹೊಡೆಯುವವನಿಗೆ 8, ಮಂತ್ರ ಹಾಕುವವನಿಗೆ 12. ಸಣ್ಣ ಸಂಖ್ಯೆ ಬಂದವನೇ ಮೊದಲು. ನಮ್ಮ ಬಿಲ್ಲುಗಾರ ಸಹಜವಾಗಿ ಮುಂದಾಗುತ್ತಾನೆ, ಮಂತ್ರವಾದಿ ಹಿಂದುಳಿಯುತ್ತಾನೆ. ಆದರೆ ಪ್ರತಿ ಸುತ್ತಿನಲ್ಲೂ ದಾಳ ಎಸೆಯುವ, ನೆನಪಿಡುವ ಹೊರೆ ತಪ್ಪಿದ್ದಲ್ಲ.

ಎಲೆ ಹಂಚಿಕೆ, ಕೈಬದಲು

2003ರ 'ಸ್ಯಾವೇಜ್ ವರ್ಲ್ಡ್ಸ್' ದಾಳದ ಬದಲು ಇಸ್ಪೀಟು ಎಲೆಗಳನ್ನು ಬಳಸುತ್ತದೆ. ಪ್ರತಿ ಸುತ್ತಿಗೆ ಎಲೆ ಹಂಚಿ, ದೊಡ್ಡದರಿಂದ ಸಣ್ಣದಕ್ಕೆ ಸರದಿ. ಜೋಕರ್ ಬಂದವನು ಇಷ್ಟ ಬಂದಾಗ ನುಗ್ಗಬಹುದು. ಎಲೆ ಎದುರಿಗೇ ಇರುವುದರಿಂದ ಬರೆದಿಟ್ಟುಕೊಳ್ಳುವ ಕೆಲಸವಿಲ್ಲ.

2012ರ 'ಮಾರ್ವೆಲ್ ಹೀರೋಯಿಕ್' ಆಟದಿಂದ ಜನಪ್ರಿಯವಾದ ಮತ್ತೊಂದು ಪದ್ಧತಿಯಲ್ಲಿ, ಸರದಿ ಮುಗಿಸಿದವನೇ ಮುಂದಿನವನನ್ನು ಆರಿಸುತ್ತಾನೆ. ನಾವೇ ನಾಲ್ವರು ಮೊದಲು ಹೊಡೆದುಬಿಡೋಣ ಎಂಬ ಆಸೆ ಸಹಜ. ಹಾಗೆ ಮಾಡಿದರೆ ಉಳಿದ ಸರದಿಗಳೆಲ್ಲ ಶತ್ರುಗಳವು. ಕೊನೆಗೆ ಆಡಿದ ಶತ್ರು ಮುಂದಿನ ಸುತ್ತಿಗೂ ತನ್ನವನನ್ನೇ ಆರಿಸುತ್ತಾನೆ. ಸರದಿಯನ್ನು ನಡುವೆ ಶತ್ರುವಿಗೆ ಬಿಟ್ಟುಕೊಡುವುದೇ ಜಾಣತನ ಎಂಬುದನ್ನು ಆಟ ತಾನಾಗಿಯೇ ಕಲಿಸುತ್ತದೆ.

2025ರಲ್ಲಿ ಬಂದ 'ಡ್ಯಾಗರ್‌ಹಾರ್ಟ್' ಸರದಿಯ ಪಟ್ಟಿಯನ್ನೇ ಕೈಬಿಟ್ಟಿದೆ. ಕಥೆ ಕೇಳಿದವರು ಮುಂದೆ ಬರುತ್ತಾರೆ. ಆಟಗಾರನ ಪ್ರಯತ್ನ ವಿಫಲವಾದಾಗ ನಿರೂಪಕನಿಗೆ ಅವಕಾಶ. ಮಾತುಗಾರರಿಗೆ ಇದು ಹಬ್ಬ. ಸಂಕೋಚದ ಆಟಗಾರ ಮಾತ್ರ ಮೂಲೆ ಸೇರುವ ಭಯವಿದೆ. ಪಟ್ಟಿಯೊಂದು ಇದ್ದರೆ, ಬಾಯಿ ಸತ್ತವನಿಗೂ ಅದು ಒಂದು ಹಕ್ಕನ್ನು ಕಾಯ್ದಿರಿಸುತ್ತದೆ ಎಂಬುದನ್ನು ಮರೆಯಲಾಗದು.

ಕಲ್ಲು ಹೇಳುವ ನಿಯಮ

ಹಾಗಾದರೆ ತುರುಗೊಳ್ಳಿಗೆ ಯಾವ ನಿಯಮ ಸೂಕ್ತ? ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ತುರುಗೊಳ್ಳಿನಲ್ಲಿ ಮೊದಲ ನಡೆ ಎಂದೂ ದಾಳಿಕೋರನದೇ. ದನ ಹೋದ ಮೇಲೆಯೇ ವೀರ ಎದ್ದು ಬೆನ್ನಟ್ಟುವುದು. ಇದಕ್ಕೆ ದಾಳ ಎಸೆಯುವ ಅಗತ್ಯವೇ ಇಲ್ಲ. 2014ರ ಐದನೆಯ ಆವೃತ್ತಿಯಲ್ಲಿ ಅನಿರೀಕ್ಷಿತವಾಗಿ ದಾಳಿಗೆ ಸಿಕ್ಕವನು ಮೊದಲ ಸರದಿಯನ್ನೇ ಕಳೆದುಕೊಳ್ಳುತ್ತಿದ್ದ. 2024ರ ಪರಿಷ್ಕರಣೆ ಅದನ್ನು ಸಡಿಲಿಸಿ, ಎರಡು ದಾಳ ಎಸೆದು ಸಣ್ಣದನ್ನು ಹಿಡಿಯುವಂತೆ ಮಾಡಿತು. ಊರು ಮಲಗಿದ್ದಾಗ ನಡೆಯುವ ದಾಳಿಗೆ ಹಳೆಯ ನಿಯಮವೇ ಹೆಚ್ಚು ಒಪ್ಪುತ್ತದೆ.

ಎರಡನೆಯದು ಇನ್ನೂ ಗಹನವಾದದ್ದು. ತುರುವನ್ನು ಮರಳಿಸಿ, ಶತ್ರುಗಳನ್ನು ಇರಿದು, ತಾನೂ ಮಡಿದ ಎಂಬುದು ವೀರಗಲ್ಲುಗಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಸಾಧನೆಯೂ ಸಾವೂ ಒಂದೇ ಗಳಿಗೆಯವು. ರೂಢಿಯ ಸರದಿಯಲ್ಲಿ ಇದಕ್ಕೆ ಎಡೆ ಕಡಿಮೆ: ತನ್ನ ಸರದಿಗೆ ಮುನ್ನ ಬಿದ್ದವನ ಏಟು ಬೀಳುವುದೇ ಇಲ್ಲ. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ರಚಿಸಿದ ಯುದ್ಧದಾಟ 'ಚೈನ್‌ಮೇಲ್'ನಲ್ಲಿ ಒಂದು ಹಳೆಯ ದಾರಿಯಿತ್ತು. ಎರಡೂ ಪಕ್ಷಗಳು ತಮ್ಮ ನಡೆಯನ್ನು ಗುಟ್ಟಾಗಿ ಬರೆದಿಟ್ಟು, ಏಕಕಾಲದಲ್ಲಿ ತೆರೆಯುವುದು. ಈ ಏಕಕಾಲದ ತತ್ವವನ್ನು ಏಟುಗಳಿಗೂ ವಿಸ್ತರಿಸಿದರೆ ಬೀಳುವವನ ಕೊನೆಯ ಏಟೂ ಲೆಕ್ಕಕ್ಕೆ ಬರುತ್ತದೆ. ಗೌಡ ದಾಳಿಕೋರರ ನಾಯಕನನ್ನು ಇರಿಯಬಹುದು. ಅದೇ ಗಳಿಗೆಯಲ್ಲಿ ತಾನೂ ಉರುಳಬಹುದು.

ಹೊಸದಾಗಿ ಆಡುವವರಿಗೆ ಒಂದು ಸಲಹೆ. ಆಟಗಾರರು ಹೆಚ್ಚಿದ್ದು ಸಮಯ ಕಡಿಮೆಯಿದ್ದರೆ ಪಕ್ಷಕ್ಕೊಂದು ದಾಳ ಸಾಕು. ಸಂಕೋಚದವರು ಇದ್ದರೆ ಪಟ್ಟಿಯನ್ನು ಬಿಡಬೇಡಿ. ಸಾವಿಗೆ ತೂಕ ಇರಬೇಕೆಂದರೆ ಏಕಕಾಲದ ನಿಯಮವನ್ನು ಹಿಡಿಯಿರಿ. ನಿಯಮ ಬದಲಾದಂತೆ ಕಥೆಯಲ್ಲಿ ಯಾರು ಬದುಕುತ್ತಾರೆ ಎಂಬುದೂ ಬದಲಾಗುತ್ತದೆ. ಬಿದ್ದವನು ತನ್ನ ಕೆಲಸ ಮುಗಿಸಿಯೇ ಬಿದ್ದ ಎನ್ನಲು ಅವಕಾಶ ಕೊಡುವ ನಿಯಮವಿದ್ದರೆ, ಸೋತ ಆಟಗಾರನೂ ಮೇಜಿನಿಂದ ಬರಿಗೈಯಲ್ಲಿ ಏಳುವುದಿಲ್ಲ.