ಮೇಲೆ ನೀರು ನಿಂತರೆ ಕೆಳಗೆ ಬಳಿದು ಏನು ಬಂತು?

ಕಳೆದ ವರ್ಷದ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ನಾಗಪುರದಲ್ಲಿ ಮೂರು ದಿನಗಳಿಂದ ಬಿಡದೆ ಮಳೆ. ಊಟ ಮಾಡಿ ತನ್ನ ಕೋಣೆಯಲ್ಲಿ ಅಡ್ಡಾಗಿದ್ದ ಅವ್ವ ಮೂರೂವರೆಗೆ ಎದ್ದು, ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋಗಿದ್ದಳು. ಅಷ್ಟರಲ್ಲಿ ಕೋಣೆಯಿಂದ ಧಡ್ ಎಂಬ ಸದ್ದು. ಹೋಗಿ ನೋಡಿದರೆ ಚಾವಣಿಯ ಒಂದು ತುಂಡು, ಊಟದ ತಟ್ಟೆಯಷ್ಟು ಅಗಲದ್ದು, ಆಕೆಯ ದಿಂಬಿನ ಮೇಲೆ ಬಿದ್ದಿತ್ತು. ತಲೆ ಎತ್ತಿದರೆ ತುಕ್ಕು ಹಿಡಿದ ಎರಡು ಕಬ್ಬಿಣದ ಸರಳುಗಳು ಇಣುಕುತ್ತಿದ್ದವು.

ನಾನು ಸೈಟಿನಿಂದ ಓಡಿ ಬಂದಾಗ ಅವ್ವ ಹೊರಗಿನ ಕೋಣೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು. ‘ನಾ ಚಾ ಮಾಡಾಕ ಎದ್ದಿದ್ದಕ್ಕ ಉಳದೆ ನೋಡಪಾ’ ಎಂದಳು, ನಗುತ್ತಲೇ. ನನಗೆ ನಗು ಬರಲಿಲ್ಲ. ನಾನು ಸಿವಿಲ್ ಎಂಜಿನಿಯರ್. ಹದಿನಾಲ್ಕು ವರ್ಷಗಳಿಂದ ಈ ಊರಿನಲ್ಲಿದ್ದು, ಕಾಂಕ್ರೀಟ್ ರಸ್ತೆಗಳ ಗುಣಮಟ್ಟ ನೋಡುವುದೇ ನನ್ನ ಹೊಟ್ಟೆಪಾಡು. ಅದಕ್ಕಿಂತ ನಾಚಿಕೆಯ ಮಾತೆಂದರೆ, ಅದೇ ಜಾಗದಲ್ಲಿ ಹಿಂದಿನ ವರ್ಷ ಕಾಣಿಸಿಕೊಂಡಿದ್ದ ಬಿರುಕು ಮತ್ತು ಹಳದಿ ಕಲೆಯನ್ನು ದೀಪಾವಳಿಗೆ ಮುಂಚೆ ಗಿಲಾವು ಮಾಡಿಸಿ, ಬಣ್ಣ ಹೊಡೆಸಿ ಮುಚ್ಚಿಸಿದವನು ನಾನೇ.

‘ಮ್ಯಾಲೆ ನೀರ ನಿಂತ್ರ ಕೆಳಗ ಬಳದ್ರ ಏನ್ ಬಂತೋ ತಮ್ಮಾ?’ ಎಂದು ಅವ್ವ ಆಗಲೇ ಕೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹೊರನಾಡಿನಲ್ಲಿ ಹಳೆಯ ಫ್ಲ್ಯಾಟ್‌ಗಳಲ್ಲಿ ಇರುವವರು, ಊರಿನಲ್ಲಿ ಬೀಗ ಹಾಕಿದ ಮನೆ ಬಿಟ್ಟು ಬಂದವರು ನಮ್ಮಲ್ಲಿ ಬಹಳ ಮಂದಿ. ಅದಕ್ಕೇ ಈ ತಪ್ಪೊಪ್ಪಿಗೆಯನ್ನು ಬರೆಯುತ್ತಿದ್ದೇನೆ.

ಒಂದೇ ಸ್ಲ್ಯಾಬು, ಎರಡು ಹವಾಮಾನ

ನಾನು ಗದಗದ ಕಡೆಯವನು. ಬಿಸಿಲು, ಎರೆಮಣ್ಣು ಎರಡೂ ನನಗೆ ಹೊಸದಲ್ಲ. ಆದರೆ ನಾಗಪುರದ ಬಿಸಿಲೇ ಬೇರೆ. 2013ರ ಮೇ ತಿಂಗಳಲ್ಲಿ ಇಲ್ಲಿ 47.9 ಡಿಗ್ರಿ ದಾಖಲಾಗಿತ್ತು. 2024ರ ಮೇ ಕೊನೆಯಲ್ಲಿ ಇಲ್ಲಿನ ಒಂದು ಸ್ವಯಂಚಾಲಿತ ಮಾಪಕ 56 ಡಿಗ್ರಿ ತೋರಿಸಿ ದೇಶವನ್ನೇ ಬೆಚ್ಚಿಬೀಳಿಸಿತು. ಅದು ಯಂತ್ರದ ದೋಷ ಎಂದು ಹವಾಮಾನ ಇಲಾಖೆ ಆಮೇಲೆ ಹೇಳಿತು. ಇದೇ ಊರಿನಲ್ಲಿ 2018ರ ಡಿಸೆಂಬರ್ ಕೊನೆಗೆ ಉಷ್ಣಾಂಶ 3.5 ಡಿಗ್ರಿಗೆ ಇಳಿದಿತ್ತು.

ಕಾಂಕ್ರೀಟ್ ಕಲ್ಲಿನಂತೆ ಕಂಡರೂ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹತ್ತು ಮೀಟರ್ ಉದ್ದದ ತಾರಸಿ 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4 ಮಿಲಿಮೀಟರ್ ಆಚೀಚೆ ಆಗುತ್ತದೆ. ವರ್ಷಕ್ಕೊಮ್ಮೆಯಷ್ಟೇ ಅಲ್ಲ, ಹಗಲು ರಾತ್ರಿಯ ನಡುವೆಯೂ ಈ ಎಳೆದಾಟ ಸ್ವಲ್ಪ ಸ್ವಲ್ಪ ನಡೆದೇ ಇರುತ್ತದೆ. ಗೋಡೆ ಬಿಗಿಯಾಗಿ ಹಿಡಿದಿಟ್ಟಿರುವ ಕಡೆ, ಪ್ಯಾರಾಪೆಟ್ ಸೇರುವ ಮೂಲೆಯಲ್ಲಿ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ದಾರಿ ಸಾಕು.

ಹೊಸ ಕಾಂಕ್ರೀಟ್ ಕ್ಷಾರಗುಣದ್ದು. ಆ ಕ್ಷಾರ ಒಳಗಿನ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳನುಗ್ಗುತ್ತಾ ಹೋದಂತೆ ಕ್ಷಾರ ಕಡಿಮೆಯಾಗುತ್ತದೆ. ಅದು ಸರಳಿನವರೆಗೆ ಮುಟ್ಟಿದ ಮೇಲೆ ನೀರೂ ಸೇರಿದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಆ ಜಾಗಕ್ಕಾಗಿ ಅದು ಕೆಳಗಿನ ಕಾಂಕ್ರೀಟನ್ನು ಒಳಗಿನಿಂದಲೇ ನೂಕುತ್ತದೆ. ಮೊದಲು ಸರಳಿನ ಗುಂಟ ಬಿರುಕು, ಆಮೇಲೆ ಉಬ್ಬು, ಕೊನೆಗೆ ಒಂದು ದಿನ ಧಡ್. ಮೇಲೆ ಹಚ್ಚಿದ ಗಿಲಾವು, ಬಣ್ಣ ಆ ನೂಕುವಿಕೆಯನ್ನು ತಡೆಯುವುದಿಲ್ಲ. ಅದು ನಮ್ಮ ಕಣ್ಣಿಗೆ ಕಾಣದಂತೆ ಮಾಡುತ್ತದೆ, ಅಷ್ಟೇ.

ತಾರಸಿ ಮೇಲಿನ ಕಳ್ಳ

ಮಳೆ ನಿಂತ ದಿನ ತಾರಸಿ ಹತ್ತಿದೆ. ಅವ್ವನ ಕೋಣೆಯ ನೆತ್ತಿಯ ಮೇಲೆ ಸರಿಯಾಗಿ ನಮ್ಮದೇ ಕೂಲರ್ ಇತ್ತು. ನಾಗಪುರದಲ್ಲಿ ಹೋಳಿ ಮುಗಿಯುತ್ತಿದ್ದಂತೆ ಕಿಟಕಿಗೆ, ತಾರಸಿಗೆ ಕೂಲರ್ ಏರುತ್ತವೆ, ಮಳೆಗಾಲ ಶುರುವಾಗುವವರೆಗೆ ಹಗಲು ರಾತ್ರಿ ನೀರು ಕುಡಿಯುತ್ತವೆ. ನಮ್ಮ ಕೂಲರಿನ ತೊಟ್ಟಿ ತುಂಬಿ ಸುರಿದ ನೀರು ಎರಡು ಬೇಸಿಗೆ ಅಲ್ಲೇ ನಿಂತಿತ್ತು. ಅದರ ಹುಲ್ಲಿನ ಪ್ಯಾಡು ಉದುರಿ ಮಳೆನೀರು ಹೋಗುವ ಕೊಳವೆಯ ಬಾಯಿಗೆ ಕಟ್ಟಿಕೊಂಡಿತ್ತು. ಅಲ್ಲಿ ಮಳೆಯ ನೀರು ಇನ್ನೂ ಎರಡು ಬೆರಳು ನಿಂತಿತ್ತು. ಅವ್ವನಿಗೆ ತಂಪಾಗಲಿ ಎಂದು ಇಟ್ಟ ಕೂಲರೇ ಆಕೆಯ ತಲೆಯ ಮೇಲಿನ ಸ್ಲ್ಯಾಬನ್ನು ತಿಂದಿತ್ತು.

ನಮ್ಮ ಕಟ್ಟಡಕ್ಕೆ ಇಪ್ಪತ್ತೆರಡು ವರ್ಷ. ಹನ್ನೆರಡು ಮನೆ. ಸೊಸೈಟಿಯ ಸಭೆ ಕರೆದಾಗ ನೆಲಮಹಡಿಯ ಹಿರಿಯರೊಬ್ಬರು, ‘ಸೋರುವುದು ನಿಮ್ಮ ಮನೆ, ದುಡ್ಡು ನಾವೇಕೆ ಕೊಡಬೇಕು?’ ಎಂದರು. ತಾರಸಿ ಎಲ್ಲರ ಸ್ವತ್ತು, ಸೊಸೈಟಿಗಳ ಮಾದರಿ ಉಪವಿಧಿಗಳಲ್ಲೂ ತಾರಸಿ ಸೋರಿಕೆಯ ದುರಸ್ತಿ ಸೊಸೈಟಿಯದೇ ಎಂದು ನಾನು ವಾದಿಸಬಹುದಿತ್ತು. ವಾದಿಸುವ ಬದಲು ಮೊದಲು ನನ್ನ ಕೂಲರಿನ ತಪ್ಪನ್ನು ಒಪ್ಪಿಕೊಂಡೆ. ಆಮೇಲೆ ಅವರನ್ನೇ ಕರೆದುಕೊಂಡು ಹೋಗಿ ಅವ್ವನ ದಿಂಬು, ಅದರ ಮೇಲಿನ ತುಂಡು ತೋರಿಸಿದೆ. ನಂತರ ಒಂದು ಉದ್ದ ಕೋಲು ಹಿಡಿದು ಎಲ್ಲರ ಮನೆಯ ಚಾವಣಿ, ಸಜ್ಜಾಗಳನ್ನು ತಟ್ಟುತ್ತಾ ಬಂದೆವು. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ ಎನ್ನುತ್ತದೆ. ಆ ಹಿರಿಯರ ಕಿಟಕಿಯ ಸಜ್ಜಾ ಕೂಡ ಡಬ್ ಎಂದಿತು. ಅದರ ಮೇಲೂ ಒಂದು ಕೂಲರ್ ಕುಳಿತಿತ್ತು. ಅದರ ಕೆಳಗೇ ಮಕ್ಕಳ ಸೈಕಲ್‌ಗಳು ನಿಲ್ಲುತ್ತಿದ್ದವು. ಮುಂದಿನ ಭಾನುವಾರ ಎಲ್ಲರೂ ಪಾಲು ಕೊಡಲು ಒಪ್ಪಿದರು.

ಮಿನೆಸೋಟದಿಂದ ಬಂದ ಫೋನು

ಅದೇ ವಾರ ನನ್ನ ಅಕ್ಕನ ಮಗಳು ಅಮೆರಿಕದ ಮಿನೆಸೋಟದಿಂದ ಅಜ್ಜಿಯನ್ನು ವಿಚಾರಿಸಲು ಫೋನ್ ಮಾಡಿದಳು. ಮಾತಿನ ನಡುವೆ, ‘ಮಾಮಾ, ನಮ್ಮನಿ ಮುಂದ ಕಾರ್ ನಿಲ್ಲಸೋ ಕಾಂಕ್ರೀಟೂ ಹಪ್ಪಳದಂಗ ಪದರ ಪದರ ಏಳಾಕತ್ತೈತಿ’ ಎಂದಳು.

ಅಲ್ಲಿಯ ಕಾಯಿಲೆಗೆ ಕಾರಣ ಹಿಮ. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನೀರು ತುಂಬಿದ್ದು, ಚಳಿಗಾಲವಿಡೀ ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ ಕರಗಿ ಮಾಡಿದರೆ ಮೇಲ್ಪದರ ಕಿತ್ತು ಬರುತ್ತದೆ. ಹಿಮ ಕರಗಿಸಲು ಸುರಿಯುವ ಉಪ್ಪು ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದಕ್ಕೆಂದೇ ಆ ದೇಶಗಳಲ್ಲಿ ಹೊರಗಿನ ಕಾಂಕ್ರೀಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಬೇಕೆಂದೇ ಸೇರಿಸುತ್ತಾರೆ. ಹಿಗ್ಗುವ ನೀರಿಗೆ ಅವು ತಂಗುದಾಣ.

ಅವಳ ಗಂಡ ಅಂಗಡಿಯಿಂದ ಒಂದು ಚೀಲ ಪುಡಿ ತಂದು, ನೀರಲ್ಲಿ ಕಲಸಿ, ಮೇಲೆ ಸಾರಿಸಿಬಿಡಲು ಹೊರಟಿದ್ದ. ‘ಮೊದಲು ಸುತ್ತಿಗೆಯಿಂದ ತಟ್ಟಿ ನೋಡಲಿ. ಡಬ್ ಎಂದದ್ದನ್ನೆಲ್ಲ ಕಿತ್ತು ತೊಳೆದು, ಗಟ್ಟಿ ತಳ ಸಿಕ್ಕ ಮೇಲೆ ಸಾರಿಸಲಿ. ತಾರಸಿಯ ಮಳೆನೀರು ಅಲ್ಲಿಗೇ ಬೀಳುತ್ತಿದ್ದರೆ ಮೊದಲು ಕೊಳವೆಯ ದಾರಿ ತಿರುಗಿಸಲಿ. ಚಳಿ ಬರುವ ಮುಂಚೆ ಮುಗಿಸಲಿ, ಈ ಚಳಿಗಾಲ ಅದರ ಮೇಲೆ ಉಪ್ಪು ಬೇಡ, ಮರಳು ಹಾಕಲಿ’ ಎಂದೆ. ಹೇಳುವಾಗಲೇ ನನಗೆ ಕಸಿವಿಸಿಯಾಯಿತು. ದೂರದವರಿಗೆ ಒಂದೇ ಉಸಿರಿಗೆ ಹೇಳಿದ ಬುದ್ಧಿಯನ್ನು ನನ್ನ ಮನೆಗೇ ನಾನು ಬಳಸಿರಲಿಲ್ಲ.

ಗೌಂಡಿಯ ಪಾಠ

ಭಾರತೀಯ ಮಾನಕಗಳಲ್ಲಿ ಬಿಸಿಲಿನ ಕಾಂಕ್ರೀಟ್ ಕೆಲಸಕ್ಕೊಂದು, ಚಳಿಯ ಕೆಲಸಕ್ಕೊಂದು ಪ್ರತ್ಯೇಕ ನಿಯಮಾವಳಿ ಇದೆ. ಐಎಸ್ 7861 ಎಂದು ಅದರ ಸಂಖ್ಯೆ. ಗಾಳಿಯ ಉಷ್ಣಾಂಶ 40 ಡಿಗ್ರಿ ಮೀರಿದರೆ ಬಿಸಿಲಿನ ನಿಯಮ, 5 ಡಿಗ್ರಿಗಿಂತ ಇಳಿದರೆ ಚಳಿಯ ನಿಯಮ. ನಾಗಪುರದ ಮೇ ತಿಂಗಳ ಮಧ್ಯಾಹ್ನ ಹಚ್ಚಿದ ಸಿಮೆಂಟಿನ ನೀರು ಗಟ್ಟಿಯಾಗುವ ಮೊದಲೇ ಆರಿಹೋಗಿ ಹೊಸ ಪದರವೇ ಬಿರುಕು ಬಿಡುತ್ತದೆ. ಇಲ್ಲಿ ದುರಸ್ತಿಗೆ ಒಳ್ಳೆಯ ಕಾಲ ದಸರೆಯ ನಂತರದ್ದು. ಮಿನೆಸೋಟದವರಿಗೆ ಬೇಸಿಗೆಯೇ ಸುಗ್ಗಿ, ನಮಗೆ ಚಳಿಗಾಲ. ಆದ್ದರಿಂದ ಆಗಸ್ಟಿನಲ್ಲಿ ಸಡಿಲವಾದದ್ದನ್ನೆಲ್ಲ ಉದುರಿಸಿ, ಸ್ಲ್ಯಾಬಿಗೆ ಆಧಾರ ಕೊಟ್ಟು, ಅವ್ವನ ಮಂಚ ಹೊರಗಿನ ಕೋಣೆಗೆ ಸಾಗಿಸಿ, ನವೆಂಬರಿಗೆ ಕಾದೆವು. ಮಳೆಗಾಲ ಮುಗಿಯುವವರೆಗೆ ಎಲ್ಲೆಲ್ಲಿ ಒದ್ದೆ ಕಾಣುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ.

ಕೆಲಸಕ್ಕೆ ಬಂದವರು ಬಾಲಾಘಾಟ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ಮರಾಠಿಯ ‘ಗವಂಡಿ’ಯೇ ನಮ್ಮ ಕಡೆಯ ‘ಗೌಂಡಿ’, ಅವರ ‘ಗಿಲಾವಾ’ ನಮ್ಮ ಗಿಲಾವು. ಹಾಗಾಗಿ ಅವ್ವನಿಗೂ ಅವರಿಗೂ ಭಾಷೆಯ ತೊಡಕಾಗಲಿಲ್ಲ.

ಒಡೆಯುವ ಕೆಲಸಕ್ಕೇ ನಾಲ್ಕು ದಿನ ಹಿಡಿಯಿತು. ಉಳಿ, ಸುತ್ತಿಗೆಯಲ್ಲಿ ಕೊಳೆತದ್ದನ್ನೆಲ್ಲ ಕೆತ್ತಿ, ಸರಳಿನ ಹಿಂದೆ ಬೆರಳು ಆಡುವಷ್ಟು ಜಾಗ ಮಾಡಿದರು. ಸರಳಿನ ಕೆಳಗೆ ಸಾಮಾನ್ಯವಾಗಿ 20 ಮಿಲಿಮೀಟರ್ ಇರಬೇಕಾದ ಕಾಂಕ್ರೀಟಿನ ಹೊದಿಕೆ ನಮ್ಮಲ್ಲಿ ಅರ್ಧವೂ ಇರಲಿಲ್ಲ. ಒಡೆದ ಹಸಿ ಮುಖಕ್ಕೆ ಫಿನಾಲ್ಫ್ತಲೀನ್ ದ್ರಾವಣ ಚಿಮುಕಿಸಿ ನೋಡಿದೆ. ಕ್ಷಾರ ಉಳಿದಿರುವ ಕಡೆ ಅದು ಕಡು ಗುಲಾಬಿಯಾಗುತ್ತದೆ, ಕಳೆದುಕೊಂಡ ಕಡೆ ಬಣ್ಣ ಬರುವುದಿಲ್ಲ. ಗುಲಾಬಿ ಕಾಣುವವರೆಗೂ ಒಡೆಸಿದೆ. ಬಾಗಿಲಲ್ಲಿ ನಿಂತಿದ್ದ ಅವ್ವ, ‘ಕುಂಕುಮದ ನೀರು ಹೊಡದಂಗ ಆತಲ್ಲೋ’ ಎಂದಳು.

ತಂತಿ ಬ್ರಷ್‌ನಿಂದ ತುಕ್ಕು ತಿಕ್ಕಿ ಸರಳು ಹೊಳೆಯುವಂತೆ ಮಾಡಿ, ತುಂಬ ಸವೆದಲ್ಲಿ ಪಕ್ಕದಲ್ಲಿ ಹೊಸ ಸರಳು ಕಟ್ಟಿ, ಎಲ್ಲಕ್ಕೂ ಸತುವಿನ ಪ್ರೈಮರ್ ಹಚ್ಚಿದೆವು. ಹಳೆಯ ಕಾಂಕ್ರೀಟಿಗೆ ನೀರು ಕುಡಿಸಿ, ಮೇಲ್ಮೈ ಒದ್ದೆಯಿಲ್ಲದಂತೆ ಆರಿಸಿ, ಅಂಟುಪದರ ಹಚ್ಚಿ, ಅದು ಹಸಿ ಇರುವಾಗಲೇ ಪಾಲಿಮರ್ ಬೆರೆಸಿದ ಗಾರೆಯನ್ನು ತೆಳು ತೆಳು ಪದರಗಳಲ್ಲಿ ಒತ್ತಿ ತುಂಬಿದರು. ಅಂಚುಗಳನ್ನು ದೋಸೆಯಂತೆ ತೆಳುವಾಗಿ ಎಳೆಯದೆ, ನೇರವಾಗಿ ಕತ್ತರಿಸಿ ಕೂರಿಸಬೇಕು. ತೆಳು ಅಂಚು ಮೊದಲು ಏಳುತ್ತದೆ.

ಮೇಲೆ ತಾರಸಿಯಲ್ಲಿ ಹಳೆಯ ಸಡಿಲ ಪದರ ತೆಗೆಸಿ, ನೀರು ಕೊಳವೆಯತ್ತ ಓಡುವಂತೆ ಪ್ರತಿ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟು ಹೊಸ ಪದರ ಹಾಕಿಸಿದೆವು. ಪ್ಯಾರಾಪೆಟ್ ಮೂಲೆಗೆ ಗೋಲಾ, ಅದರ ಮೇಲೆ ನೀರು ಇಂಗದ ಲೇಪ. ನಂತರ ಕೊಳವೆ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಿದೆವು. ಕೆಳಗೆ ಹನಿ ಕಾಣಲಿಲ್ಲ.

ನೀರೇ ಶತ್ರು, ನೀರೇ ಮಿತ್ರ

ಕೆಲಸದಲ್ಲಿ ಎಲ್ಲರೂ ಕಳ್ಳಾಟ ಆಡುವುದು ನೀರುಣಿಸುವುದರಲ್ಲಿ. ಹಳೆಯ ಕಾಂಕ್ರೀಟಿಗೆ ನೀರು ಶತ್ರು, ಹೊಸದಕ್ಕೆ ತಾಯಿಯ ಹಾಲು. ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ. ಒಣ ಬಿಸಿಲಿನಲ್ಲಿ ಇವು 10 ಮತ್ತು 14 ಆಗುತ್ತವೆ. ಪಾಲಿಮರ್ ಗಾರೆಗೆ ಎಷ್ಟು ದಿನ ಎಂಬುದು ಚೀಲದ ಮೇಲೆಯೇ ಇರುತ್ತದೆ, ಅದನ್ನು ಓದಬೇಕು. ತಾರಸಿಗೆ ಒದ್ದೆ ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ ನೀರು ಹಾಕುವ ಕೆಲಸವನ್ನು ಅವ್ವ ತಾನೇ ವಹಿಸಿಕೊಂಡಳು. ಎಪ್ಪತ್ತೆಂಟರ ವಯಸ್ಸಿನಲ್ಲಿ ಮೆಟ್ಟಿಲು ಹತ್ತಬೇಡ ಎಂದರೆ ಕೇಳಲಿಲ್ಲ. ಮೂರನೇ ದಿನದಿಂದ ನೆಲಮಹಡಿಯ ಆ ಹಿರಿಯರೂ ಬಕೆಟ್ ಹಿಡಿದು ಹತ್ತತೊಡಗಿದರು.

ನಾಗಪುರದಲ್ಲಿ ಮೇ 25ರಿಂದ ‘ನವತಪಾ’, ಒಂಬತ್ತು ಸುಡು ದಿನಗಳು. ಸೂರ್ಯ ರೋಹಿಣಿಗೆ ಬರುವ ಕಾಲ. ಅದೇ ರೋಹಿಣಿಗೆ ನಮ್ಮೂರಿನಲ್ಲಿ ಅವ್ವ, ಅಪ್ಪ ಮಣ್ಣಿನ ಮಾಳಿಗೆ ಹತ್ತಿ, ಬಿರುಕು ಹುಡುಕಿ, ಸವಳು ಮಣ್ಣು ಹರವಿ ತುಳಿಯುತ್ತಿದ್ದರು. ಮಳೆಗೆ ಮುಂಚೆ ಮಾಳಿಗೆ ಹತ್ತದ ವರ್ಷವೇ ಇರಲಿಲ್ಲ. ಸಿಮೆಂಟು ಬಂದ ಮೇಲೆ ನಾವು ಮೇಲೆ ಹತ್ತುವುದನ್ನೇ ಬಿಟ್ಟೆವು, ಇದು ಶಾಶ್ವತ ಎಂದುಕೊಂಡೆವು.

ಊರಿನಲ್ಲಿ ಮನೆಗೆ ಬೀಗ ಹಾಕಿ ಬಂದವರಿಗೆ ನನ್ನ ಮಾತು ಇಷ್ಟೇ. ಈ ಬೇಸಿಗೆ ಊರಿಗೆ ಹೋದಾಗ ಹಬ್ಬದ ಊಟಕ್ಕೆ ಕೂರುವ ಮೊದಲು ತಾರಸಿ ಹತ್ತಿ. ಕೊಳವೆಯ ಬಾಯಿಯ ಎಲೆ ತೆಗೆಯಿರಿ. ಕೋಲಿನಿಂದ ಚಾವಣಿ ತಟ್ಟಿ ಕಿವಿಗೊಡಿ. ಡಬ್ ಎಂದರೆ ಅದರ ಕೆಳಗಿನ ಮಂಚವನ್ನು ಮೊದಲು ಸರಿಸಿ, ಬಣ್ಣದ ಡಬ್ಬಿಗೆ ಕೈ ಹಾಕಬೇಡಿ. ಸರಳು ಕಾಣುತ್ತಿದ್ದರೆ ಎಂಜಿನಿಯರೊಬ್ಬರಿಗೆ ತೋರಿಸಿ.

ಸಂಕ್ರಾಂತಿಗೆ ಅವ್ವ ತನ್ನ ಕೋಣೆಗೆ ಮರಳಿದಳು. ಕೂಲರ್ ಈಗ ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ, ಹೆಚ್ಚಾದ ನೀರು ಪೈಪಿನಲ್ಲಿ ಕೆಳಗೆ ಹೋಗಿ ಕರಿಬೇವಿನ ಗಿಡಕ್ಕೆ ಬೀಳುತ್ತದೆ. ಆದರೂ ಆಕೆ ಮಂಚವನ್ನು ಗೋಡೆಯ ಪಕ್ಕಕ್ಕೆ ಸರಿಸಿಕೊಂಡಿದ್ದಾಳೆ. ‘ಇನ್ನ ಬೀಳೂದಿಲ್ಲ ಅವ್ವಾ’ ಎಂದರೆ, ‘ಹಿಂದಿನ ವರ್ಷಾನೂ ಹಂಗs ಅಂದಿದ್ದಿ’ ಎನ್ನುತ್ತಾಳೆ. ಒಂದು ಮಳೆಗಾಲ ಕಳೆಯುವವರೆಗೆ ನನ್ನ ಬಳಿ ಅದಕ್ಕೆ ಉತ್ತರವಿಲ್ಲ.